ದ್ರೌಪದಿ ಪಾತ್ರಕ್ಕೆ ಎಷ್ಟು?

"ಮಗಳ ಮೇಲೆ ಕೈ ಮಾಡ್ಬಿಟ್ಟೆ ಮೇಡಂ. ಹುಟ್ಟಿದಾಗಿಂದ ಒಂದು ಏಟು ಹಾಕ್ದೋಳಲ್ಲ ನಾನು."

ಮಂಡ್ಯದಲ್ಲಿ ನಾನು ವಾರಕ್ಕೆ ಎರಡು ದಿನ ಆಪ್ತಸಲಹೆಗೆ ಕೂರುತ್ತೇನೆ. ಅಲ್ಲಿಗೆ ಬಂದ ಆಕೆ ಆಡಿದ ಮೊದಲ ಮಾತು ಇದು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಹೆಸರು ಬೇಡ.

ವಯಸ್ಸು 40ರ ಆಸುಪಾಸು. 18 ವರ್ಷದಿಂದ ಪೌರಾಣಿಕ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದಾರೆ. ದ್ರೌಪದಿ, ಕುಂತಿ, ರುಕ್ಮಿಣಿ, ಕರೆದದ್ದಕ್ಕೆ ಹೋಗುತ್ತಾರೆ. ನಮ್ಮ ಕಡೆಯ ಡ್ರಾಮಾ ನೋಡಿದವರಿಗೆ ಇದರ ಲೆಕ್ಕಾಚಾರ ಗೊತ್ತಿರುತ್ತದೆ. ಊರಿನ ಗಂಡಸರು ಕೈಯಿಂದ ಹಣ ಹಾಕಿ ಪಾತ್ರ ತೆಗೆದುಕೊಳ್ಳುತ್ತಾರೆ. ದುರ್ಯೋಧನ, ಕೃಷ್ಣ, ಭೀಮ ಅಂದರೆ ಜಾಸ್ತಿ ಹಣ. ಆ ಹಣದಲ್ಲಿ ಹಾರ್ಮೋನಿಯಂ ಮೇಷ್ಟ್ರು, ತಬಲಾ, ಸೀನರಿ, ಮೈಕು, ಲೈಟು ಎಲ್ಲ ನಡೆಯಬೇಕು. ಹೆಂಗಸರನ್ನು ಮಾತ್ರ ಹೊರಗಿನಿಂದ ಕರೆಸುತ್ತಾರೆ. ಸಾಮಾನ್ಯವಾಗಿ ಮೇಷ್ಟ್ರ ಮೂಲಕವೇ. ಕರಪತ್ರದಲ್ಲಿ ಗಂಡಸರಿಗೆಲ್ಲ ಫೋಟೋ ಇರುತ್ತದೆ. ಸ್ತ್ರೀಪಾತ್ರದವರ ಹೆಸರು ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ.

ಮಗಳು ಎರಡನೇ ಪಿಯುಸಿ ಓದುತ್ತಿದ್ದಾಳೆ, ಚೆನ್ನಾಗಿ ಹಾಡುತ್ತಾಳೆ. ಒಂದು ಸಂಜೆ, "ಅಮ್ಮಾ, ನಂಗೆ ಉತ್ತರೆ ಪಾತ್ರ ಕೊಡ್ತಾರಂತೆ, ನಾನೂ ಬರ್ತೀನಿ" ಅಂದಿದ್ದಾಳೆ. ಅಷ್ಟಕ್ಕೇ ಏಟು ಬಿದ್ದಿದೆ. ಆಮೇಲೆ ತಾಯಿ, ಮಗಳು ಇಬ್ಬರೂ ಊಟ ಮಾಡಿಲ್ಲ.

ನಾಟಕವೆಂದರೆ ಪ್ರಾಣ ಬಿಡುವ ಹೆಂಗಸು ಮಗಳು ನಾಟಕಕ್ಕೆ ಬರುತ್ತೇನೆ ಅಂದಾಗ ಯಾಕೆ ಹೊಡೆದರು? ಇದನ್ನು ಕೇಳಿದಾಗ ಅವರು ಬಾಯಲ್ಲಿ ಹೇಳಲಿಲ್ಲ. ಮುಂದಿನ ವಾರ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ದುಂಡಗಿನ ಅಕ್ಷರ. ತಾರೀಖು, ಊರು, ಪಾತ್ರ, ಹೇಳಿದ್ದು, ಕೊಟ್ಟಿದ್ದು, ಬಾಕಿ. ಹಾಳೆಗಳಿಗೆ ಅಲ್ಲಲ್ಲಿ ಕುಂಕುಮ, ಪೌಡರು ಮೆತ್ತಿಕೊಂಡಿತ್ತು. ಬಾಕಿಯ ಸಾಲಿನಲ್ಲಿ 11 ರಾತ್ರಿಯದ್ದು ಸೇರಿ 19,000 ರೂಪಾಯಿ.

ಇಬ್ಬರೂ ಕೂತು ಒಂದು ರಾತ್ರಿಯ ಲೆಕ್ಕ ಹಾಕಿದೆವು. ಮಾತಾಡಿದ್ದು 3,500. ಪಾತ್ರ ಕೊಡಿಸಿದ್ದಕ್ಕೆ ಮೇಷ್ಟ್ರು ಹಿಡಿದುಕೊಳ್ಳುವುದು 500. ಬಸ್ಸು, ಆಟೋ ಸೇರಿ 350. ಬಣ್ಣ, ಹೂವು, ಸೀರೆ ಇಸ್ತ್ರಿಗೆ 200. ಉಳಿದದ್ದು 2,450. ಹಿಂದಿನ ದಿನ ರಿಹರ್ಸಲ್‌ಗೂ ಹೋಗಬೇಕು, ಅದಕ್ಕೆ ದುಡ್ಡಿಲ್ಲ. ಎರಡು ದಿನಕ್ಕೆ ಹಂಚಿದರೆ 1,225. ಈ ಕೆಲಸವೂ ವರ್ಷಪೂರ್ತಿ ಇರುವುದಿಲ್ಲ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಕೈತುಂಬ ಕೆಲಸ, ಮಳೆ ಹಿಡಿದರೆ ಖಾಲಿ.

ಆಕೆ ಆ 1,225ನ್ನು ನೋಡುತ್ತಾ ತುಂಬ ಹೊತ್ತು ಕೂತಿದ್ದರು. ಆಮೇಲೆ ನಿಧಾನಕ್ಕೆ ಹೇಳಿದರು. ಹಿಂದಿನ ಸೀಸನ್‌ನಲ್ಲಿ ಒಂದೂರಿಗೆ ಕೃಷ್ಣನ ಪಾತ್ರಕ್ಕೆ ಹೊರಗಿನಿಂದ ಒಬ್ಬ ಹಾಡುಗಾರ ಬಂದಿದ್ದರು. ಮಾಡಿದ್ದು ಒಂದೇ ಸೀನು. ಹೋಗಿ ಬರಲು ಕಾರು, ಕೈಗೆ 8,000. ಅದೇ ರಾತ್ರಿ ಈಕೆ ದ್ರೌಪದಿ ಮಾಡಿದ್ದಲ್ಲದೆ, ಒಬ್ಬರು ಬರದಿದ್ದರಿಂದ ಬಿಳಿ ಸೀರೆ ಉಟ್ಟು ಕುಂತಿಯನ್ನೂ ಮಾಡಿದ್ದರು. ಕೊಟ್ಟದ್ದು ಅದೇ 3,500, ಅದರಲ್ಲೂ 1,000 ಬಾಕಿ. ಬೆಳಗಿನ ಜಾವ ನಾಲ್ಕಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡು, ಊರ ಬಾಗಿಲ ಬಸ್ ಸ್ಟಾಪಿನಲ್ಲಿ ಆರೂವರೆಯವರೆಗೆ ಒಬ್ಬರೇ ಕೂತಿದ್ದರಂತೆ. ಬೈಕಿನಲ್ಲಿ ಹೋಗುವ ಹುಡುಗರು ನಿಲ್ಲಿಸಿ ನಿಲ್ಲಿಸಿ ಮಾತಾಡಿಸಿದ್ದಾರೆ.

"ಅಲ್ಲಿ ನನ್ನ ಮಗಳು ಕೂತಿರೋದು ಕಣ್ಮುಂದೆ ಬಂತು ಮೇಡಂ" ಅಂದರು.

ಏಟು ಬಿದ್ದದ್ದು ಮಗಳ ಆಸೆಗಲ್ಲ, ಆ ಬಸ್ ಸ್ಟಾಪಿಗೆ. ಇದು ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸಿಟ್ಟು ಬಂದಿತ್ತು. ಅದೇ ದಿನ ಕಾನೂನು, ದೂರು ಅಂತ ಹೇಳಲು ಶುರು ಮಾಡಿದೆ. ಆಕೆ ತಲೆಯಾಡಿಸಿ ಹೋದರು, ಮೂರು ವಾರ ಬರಲಿಲ್ಲ. ನಾನೇ ಫೋನ್ ಮಾಡಿ ಕರೆದೆ. ಬಂದಾಗ ಹೇಳಿದ ಮಾತು ಮುಖ್ಯವಾದದ್ದು: "ನೀವು ಹೇಳೋದು ಸರಿ. ಆದ್ರೆ ದುಡ್ಡು ಕೇಳೋಕ್ ಹೋದ್ರೆ ನಾಲಿಗೆ ಹೊರಳಲ್ಲ. ಮೇಷ್ಟ್ರು ಒಂದೇ ಮಾತು ಅಂತಾರೆ, ಕಲೆ ಅಂದ್ರೆ ದೇವ್ರು ಕಣವ್ವ, ಚೌಕಾಸಿ ಮಾಡ್ಬಾರ್ದು."

ಅದೇ ಮೇಷ್ಟ್ರು ಊರಿನವರ ಹತ್ತಿರ ತಮ್ಮ ಹಣ ಮುಂಗಡ ಎಣಿಸಿಕೊಳ್ಳುತ್ತಾರೆ. ಸೀನರಿಯವರೂ ಅಷ್ಟೇ. ಅವರ್ಯಾರನ್ನೂ ದುಡ್ಡಿನ ಆಸೆಯವರು ಅನ್ನುವುದಿಲ್ಲ. ಹೆಂಗಸು ಕೇಳಿದರೆ ಮಾತ್ರ "ಡ್ರಾಮಾದವಳು, ದುಡ್ಡಿಗೆ ಬಂದಿದ್ದಾಳೆ" ಅನ್ನುತ್ತಾರೆ. ಆ ಮಾತಿನ ಭಯವೇ ಆಕೆಯ ಬಾಯಿ ಕಟ್ಟಿತ್ತು. ಹಾಗಾಗಿ ನಾಲ್ಕನೇ ಭೇಟಿಯಲ್ಲಿ ಕಾನೂನು ಪಕ್ಕಕ್ಕಿಟ್ಟು, ಕೇಳುವುದನ್ನೇ ಅಭ್ಯಾಸ ಮಾಡಿದೆವು. ನಾನು ಮೇಷ್ಟ್ರಾದೆ, ಅವರು ಅವರೇ. ಮೊದಲ ಸಲ ದನಿ ನಡುಗಿತು. ಐದನೇ ಸಲಕ್ಕೆ, "ಮೇಷ್ಟ್ರೇ, ರಾತ್ರಿಗೆ 5,000, ರಿಹರ್ಸಲ್‌ಗೆ 500, ಅರ್ಧ ಅಡ್ವಾನ್ಸು" ಅಂತ ಒಂದೇ ಉಸಿರಿನಲ್ಲಿ ಹೇಳಿದರು. ರಂಗದ ಮೇಲೆ ಕಂದಪದ್ಯ ಎತ್ತುವ ಗಂಟಲು ಅದು!

ನಾನು ಕೊಟ್ಟ ಸಲಹೆ ಇಷ್ಟು. ದುಡ್ಡಿನ ಮಾತು ನಾಟಕ ಮುಗಿದ ಮೇಲೆ ಬೆಳಗಿನ ಜಾವದಲ್ಲಿ ಆಡಬೇಡಿ, ಆಗ ಯಾರೂ ಸಿಗುವುದಿಲ್ಲ. ಒಪ್ಪಿಕೊಳ್ಳುವ ದಿನವೇ ಆಡಿ. ಆಡಿದ್ದನ್ನು ಅದೇ ದಿನ ವಾಟ್ಸಾಪ್‌ನಲ್ಲಿ ಕಳಿಸಿ: ತಾರೀಖು, ಊರು, ಪಾತ್ರ, ಹಣ, ಅಡ್ವಾನ್ಸು. ಅವರು "ಸರಿ" ಅಂತ ಉತ್ತರ ಕೊಟ್ಟರೆ ಅದೇ ದಾಖಲೆ. ಎರಡನೇ ಪಾತ್ರ ಮಾಡಿಸಿದರೆ ಅದಕ್ಕೆ ಬೇರೆ ಹಣ. ವಾಪಸ್ ಬರಲು ಗಾಡಿ ಊರಿನವರದ್ದೇ. ಮತ್ತೆ ಒಬ್ಬರೇ ಕೇಳಬೇಡಿ. ನಿಮ್ಮ ಜೊತೆ ಬರುವ ಮೂವರೂ ಒಂದೇ ರೇಟು ಹೇಳಿ, ಇಲ್ಲದಿದ್ದರೆ ಒಬ್ಬರನ್ನು ತೋರಿಸಿ ಇನ್ನೊಬ್ಬರದ್ದು ಇಳಿಸುತ್ತಾರೆ.

ಬಹುಮಾನದ ನೋಟನ್ನು ಸೀರೆಗೆ ಚುಚ್ಚುವ ನೆಪದಲ್ಲಿ ಮೈ ಮುಟ್ಟುವವರ ವಿಷಯವನ್ನೂ ಆಕೆ ತಡವಾಗಿ ಬಾಯಿ ಬಿಟ್ಟರು. ಬಹುಮಾನ ಕೊಡುವವರು ತಟ್ಟೆಗೆ ಹಾಕಲಿ, ಮೈಕಿನಲ್ಲಿ ಹೆಸರು ಹೇಳಿಸಿ ಅಂದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಆಫೀಸಿನವರಿಗೆ ಮಾತ್ರ ಅಲ್ಲ, ಅಸಂಘಟಿತ ಕೆಲಸದವರಿಗೂ ಇದೆ. 10 ಜನಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ, ಮೂರು ತಿಂಗಳೊಳಗೆ ಕೊಡಬೇಕು.

ಸಮಾನ ವೇತನದ ಕಾನೂನಿನ ಬಗ್ಗೆ ಸುಳ್ಳು ಧೈರ್ಯ ಕೊಡಲಿಲ್ಲ. 1976ರಿಂದಲೇ ಆ ಕಾಯ್ದೆ ಇತ್ತು, ಈಗ ಅದು 2019ರ ವೇತನ ಸಂಹಿತೆಯೊಳಗೆ ಸೇರಿದೆ. ಒಂದೇ ತರಹದ ಕೆಲಸಕ್ಕೆ ಒಬ್ಬನೇ ಮಾಲೀಕ ಗಂಡು, ಹೆಣ್ಣು ಅಂತ ಭೇದ ಮಾಡುವಂತಿಲ್ಲ. ಆದರೆ ಒಂದು ರಾತ್ರಿಯ ನಾಟಕದಲ್ಲಿ ಮಾಲೀಕ ಯಾರು? ಮೇಷ್ಟ್ರಾ, ಊರಿನ ಸಂಘವಾ? ಈ ಗಂಟು ಬಿಡಿಸುವುದು ಕಷ್ಟ. ಅದಕ್ಕೇ ಬರಹದ ದಾಖಲೆ ಬೇಕು ಅಂತ ಒತ್ತಿ ಹೇಳಿದ್ದು. ಬಾಕಿ ವಸೂಲಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ದಾರಿ ತೋರಿಸಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರ ನೆರವು ಉಚಿತ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಕರಪತ್ರಗಳನ್ನು ಎಸೆಯಬೇಡಿ ಅಂತಲೂ ಹೇಳಿದೆ. ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದ ಕೆಲಸಗಾರರ ಕ್ಷೇಮಕ್ಕೆ ನಮ್ಮ ರಾಜ್ಯ 2024ರಲ್ಲಿ ಕಾಯ್ದೆ ಮಾಡಿದೆ, ಟಿಕೆಟ್ ಮೇಲೆ 1ರಿಂದ 2 ಪರ್ಸೆಂಟ್ ಸೆಸ್ ಹಾಕಲು ಅವಕಾಶವಿದೆ. ನಾಳೆ ಯಾವ ಸೌಲಭ್ಯ ಕೇಳಬೇಕಾದರೂ, ಸಣ್ಣ ಅಕ್ಷರದ ಆ ಹೆಸರೇ ಸಾಕ್ಷಿ.

ಗಂಡ ಒಂದು ಸಲ ಜೊತೆಗೆ ಬಂದಿದ್ದರು. ಒಳ್ಳೆಯ ಮನುಷ್ಯ. "ಜನ ಬರೋದು ದುರ್ಯೋಧನನ್ನ ನೋಡೋಕಲ್ವಾ ಮೇಡಂ?" ಅಂದರು. ಅವರಿಗೆ ಕ್ರಿಕೆಟ್ ಹುಚ್ಚು. 2022ರ ಅಕ್ಟೋಬರ್‌ನಲ್ಲಿ ಬಿಸಿಸಿಐ ಹೆಂಗಸರಿಗೂ ಗಂಡಸರಷ್ಟೇ ಮ್ಯಾಚ್ ಫೀ ಅಂತ ಘೋಷಿಸಿದ್ದನ್ನು ನೆನಪಿಸಿದೆ: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6, ಟಿ20ಗೆ 3. ವಾರ್ಷಿಕ ಒಪ್ಪಂದದಲ್ಲಿ ಅಂತರ ಇನ್ನೂ ದೊಡ್ಡದೇ ಇದೆ, ಅದನ್ನೂ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ದ್ರೌಪದಿ ಇಲ್ದೆ ದುರ್ಯೋಧನ ಯಾರ ಸೀರೆ ಎಳಿಸ್ತಾನೆ, ಅಲ್ವಾ?" ಅಂದರು. ನನ್ನ ಲೆಕ್ಕಗಳಿಗಿಂತ ಆ ಮಾತೇ ಆಕೆಗೆ ಹೆಚ್ಚು ಬಲ ಕೊಟ್ಟಿತು.

ಈ ಸೀಸನ್‌ನಲ್ಲಿ ಆಕೆ ರೇಟು ಹೇಳಿದ ಆರು ಊರುಗಳಲ್ಲಿ ಮೂರು ಒಪ್ಪಿದವು. ಒಂದು 4,500ಕ್ಕೆ ಇಳಿಸಿತು. ಎರಡು ಊರು ಬೇರೆಯವರನ್ನು ಕರೆದುಕೊಂಡವು. ಆ ಎರಡು ರಾತ್ರಿಯ ನಷ್ಟ ಮನೆಗೆ ತಟ್ಟಿದೆ, ಇಲ್ಲ ಅನ್ನಲಾರೆ. ಹಳೆ ಬಾಕಿಯಲ್ಲಿ 8,000 ಬಂದಿದೆ. ಮಗಳ ಹತ್ತಿರ ಕ್ಷಮೆ ಕೇಳಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಒಂದೇ ಒಂದು ನಾಟಕಕ್ಕೆ, ತನ್ನ ಜೊತೆಯಲ್ಲೇ ಕರೆದುಕೊಂಡು ಹೋಗುವುದು ಅಂತ ಮಾತಾಗಿದೆ. ಉತ್ತರೆ ಪಾತ್ರಕ್ಕೆ ಎಷ್ಟು ಕೇಳಬೇಕು ಅನ್ನುವುದನ್ನು ತಾಯಿ, ಮಗಳು ಸೇರಿ ನೋಟ್‌ಬುಕ್ಕಿನಲ್ಲಿ ಈಗಲೇ ಬರೆದಿಟ್ಟಿದ್ದಾರೆ.