ರಿವರ್ಸ್ ಹಾಕಿದ್ರೆ ಕರ್ರ್ ಅಂತೈತಿ, ಗೇರ್ ಬಾಕ್ಸ್ ಇಳಿಸಬೇಕಾ?

ಪ್ರಶ್ನೆ: ಸರ್ ನಮಸ್ಕಾರ್ರಿ, ನಮ್ದು ಕಾರಟಗಿ ಹತ್ರ ಹಳ್ಳಿ, ಭತ್ತದ ಹೊಲ ಐತಿ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರ್ ತಗೊಂಡೀನಿ, ಸಣ್ಣ ಕಾರ್, 2013ರ ಮಾಡೆಲ್, 90 ಸಾವಿರ ಕಿಲೋಮೀಟರ್ ಓಡೇತಿ, ಕೇಬಲ್ ಕ್ಲಚ್ ಅಂತ. ಒಂದು ತಿಂಗಳಿಂದ ರಿವರ್ಸ್ ಹಾಕಿದ್ರ ಕರ್ರ್ ಅಂತ ಕಡೀತೈತಿ, ಫಸ್ಟ್ ಗೇರೂ ಬಿಗಿ, ಎರಡು ಸಲ ತಳ್ಳಬೇಕು. ಒಬ್ಬ ಮೇಸ್ತ್ರಿಗೆ ತೋರಿಸಿದ್ರ ಗೇರ್ ಬಾಕ್ಸ್ ಹೋಗೇತಿ, ಇಳಿಸಬೇಕು, 25 ಸಾವಿರ ಆಗ್ತೈತಿ ಅಂದ್ರು. ಮಾಡಿಸ್ಲ್ಯಾ ಬ್ಯಾಡ?

ಉತ್ತರ: ಸದ್ಯಕ್ಕೆ ಬ್ಯಾಡ್ರಿ ಅಣ್ಣಾ. 25 ಸಾವಿರ ಅಂದ್ರೆ ಒಂದು ಬೆಳೆ ಗೊಬ್ಬರದ ದುಡ್ಡು, ಅದನ್ನ ಕೊಡೋಕೆ ಮುಂಚೆ ಮನೆ ಮುಂದೆನೇ ಹತ್ತು ನಿಮಿಷ ಗಾಡಿ ನೋಡ್ರಿ.

ಮೊದ್ಲು ಇಂಜಿನ್ ಆಫ್ ಇಟ್ಕೊಂಡು ಕ್ಲಚ್ ತುಳಿದು ಫಸ್ಟಿಂದ ರಿವರ್ಸ್ ತನಕ ಎಲ್ಲಾ ಗೇರೂ ಹಾಕಿ ತೆಗೀರಿ. ಬೆಣ್ಣೆಯಾಗೆ ಕೈ ಹಾಕಿದಂಗೆ ಹೋಗ್ತಾವೆ, ಇಂಜಿನ್ ಸ್ಟಾರ್ಟ್ ಮಾಡಿದ ಕೂಡ್ಲೇ ಬಿಗಿ ಆಗ್ತಾವೆ ಅಂದ್ರೆ ನಿಮ್ಮ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ, ಅಂದ್ರೆ ಪೆಡಲ್ ತುಳಿದ್ರೂ ಇಂಜಿನ್ನ ಗೇರ್ ಬಾಕ್ಸಿಂದ ಬೇರೆ ಮಾಡ್ತಾ ಇಲ್ಲ, ಗೇರ್ ಬಾಕ್ಸ್ ಮೇಲೆ ಸುಮ್ನೆ ತಪ್ಪು ಹೊರಿಸ್ತಾ ಇದಾರೆ. ಇಂಜಿನ್ ಆಫ್ ಇದ್ದಾಗ್ಲೂ ಬಿಗಿನೇ ಅಂದ್ರೆ ಮಾತು ಬೇರೆ, ಆಗ ಲಿವರಿಂದ ಗೇರ್ ಬಾಕ್ಸಿಗೆ ಹೋಗೋ ಕೇಬಲ್ಲು, ರಾಡು, ಬುಷ್ ನೋಡ್ಬೇಕು, ಅವೂ ಗೇರ್ ಬಾಕ್ಸ್ ಇಳಿಸದೆನೇ ಸಿಗ್ತಾವೆ.

ಇನ್ನೊಂದು ಪರೀಕ್ಷೆ. ಇಂಜಿನ್ ಆನ್, ನ್ಯೂಟ್ರಲ್, ಕ್ಲಚ್ ತಳಕ್ಕೆ ತುಳಿದು ಹಿಡ್ಕೊಂಡು ಮನಸ್ಸಿನಾಗೆ ಐದು ಎಣಿಸಿ ಆಮೇಲೆ ರಿವರ್ಸ್ ಹಾಕ್ರಿ. ಸದ್ದಿಲ್ಲದೆ ಬಿತ್ತಾ, ಹಂಗಾದ್ರೆ ನೀವು ಅವಸರ ಮಾಡ್ತಾ ಇದ್ರಿ ಅಷ್ಟೇ, ಕ್ಲಚ್ ತುಳಿದ್ ಮೇಲೂ ಒಳಗಿನ ಶಾಫ್ಟ್ ಒಂದೆರಡು ಸೆಕೆಂಡ್ ತಿರುಗ್ತಾ ಇರುತ್ತೆ, ಮುಂದಿನ ಗೇರ್‌ಗಳಿಗೆ ಅದನ್ನ ಸಮ ಮಾಡೋಕೆ ಸಿಂಕ್ರೊ ರಿಂಗ್ ಇರ್ತಾವೆ, ಬಹಳಷ್ಟು ಸಣ್ಣ ಕಾರ್‌ಗಳ ರಿವರ್ಸಿಗೆ ಆ ರಿಂಗೇ ಇರಲ್ಲ. ಅದಕ್ಕೇ ಕ್ಲಚ್ ಸ್ವಲ್ಪ ಕೆಟ್ರೂ ಮೊದ್ಲು ಕೂಗೋದು ರಿವರ್ಸ್. ಐದು ಎಣಿಸಿದ್ ಮೇಲೂ ಕಡಿದ್ರೆ ಕ್ಲಚ್ ಬಿಡ್ತಿಲ್ಲ ಅನ್ನೋದು ಖಾತ್ರಿ.

ಈಗ ಯಾಕೆ ಬಿಡ್ತಿಲ್ಲ ಅಂತ ನೋಡೋಣ. ನಗಬ್ಯಾಡ್ರಿ, ಮೊದ್ಲು ಪೆಡಲ್ ಕೆಳಗಿನ ಮ್ಯಾಟ್ ತೆಗೀರಿ. ನಮ್ಮ ಕಡೆ ಗದ್ದೆ ಕೆಸರಿಗೆ ಅಂತ ಮ್ಯಾಟ್ ಮೇಲೆ ಮ್ಯಾಟ್ ಹಾಕ್ತಾರೆ, ಅದರ ಮೇಲೆ ಗೋಣಿಚೀಲ ಬೇರೆ, ಪೆಡಲ್ ತಳ ಮುಟ್ಟೋಕೆ ಎರಡು ಬೆರಳು ಇರುವಾಗ್ಲೇ ನಿಂತುಬಿಡುತ್ತೆ, ಆ ಎರಡು ಬೆರಳಿನಾಗೇ ಕ್ಲಚ್ ಬಿಡೋದು ಇರುತ್ತೆ. ಆಮೇಲೆ ಕೈಯಿಂದ ಪೆಡಲ್ ಮೆಲ್ಲಗೆ ಒತ್ತಿ ನೋಡ್ರಿ, ಮೊದ್ಲು ಸ್ವಲ್ಪ ಖಾಲಿ ಹೋಗುತ್ತೆ, ಅದು ಫ್ರೀ ಪ್ಲೇ. ಎಷ್ಟು ಇರ್ಬೇಕು ಅಂತ ಗಾಡಿ ಪುಸ್ತಕದಾಗೆ ಬರೆದಿರ್ತಾರೆ. ಅದು ಜಾಸ್ತಿ ಆದ್ರೆ ಕ್ಲಚ್ ಬಿಡಲ್ಲ, ಪೂರ್ತಿ ಇಲ್ಲದಂಗೆ ಬಿಗಿ ಮಾಡಿದ್ರೆ ಸ್ಲಿಪ್ ಆಗುತ್ತೆ, ಅಂದ್ರೆ ಇಂಜಿನ್ ತಿರುಗಿದ್ರೂ ಅದರ ಜೋರು ಗಾಲಿಗೆ ಪೂರ್ತಿ ಹೋಗಲ್ಲ. ಕೇಬಲ್ ತುದಿಗೆ ಇರೋ ನಟ್ ತಿರುಗಿಸಿದ್ರೆ ಸರಿ ಹೋಗೋ ಕೆಲಸ ಅದು.

ಕೊನೆಗೆ ಕೇಬಲ್. ನಮ್ಮ ಶೆಡ್ಡಿಗೆ ಬಂದಿದ್ದ ಒಂದು ಗಾಡಿ ಕಥೆ ಹೇಳ್ತೀನಿ, ಬೇರೆ ಕಡೆ ಗೇರ್ ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟೂ ಹೊಸದು ಹಾಕ್ಸಿದ್ರು, ಆದ್ರೂ ಅದೇ ಕರ್ರ್. ನಾನು ಬಾನೆಟ್ ತೆಗೆದು ಕ್ಲಚ್ ಲಿವರ್ ಹತ್ರ ಬ್ಯಾಟರಿ ಹಿಡಿದು ನೋಡಿದ್ರೆ ಕೇಬಲ್ ತುದಿಯಾಗೆ ಎಳೆಗಳು ಹರಿದು ಹುಣಸೆ ಬರಲಿನಂಗೆ ಕೆದರಿಕೊಂಡಿದ್ವು, ನಾಕೈದೇ ಎಳೆ ಗಟ್ಟಿ ಉಳಿದಿದ್ವು, ತುಳಿದಾಗೆಲ್ಲ ಅವು ಉದ್ದ ಆಗ್ತಾ ಇದ್ವು. ಹೊಸ ಕೇಬಲ್ ಹಾಕಿದ್ವಿ, ಅರ್ಧ ಗಂಟೆ ಕೆಲಸ. ಆ ಮನುಷ್ಯ ಸುಮ್ನೆ ಕೂತ್ಕೊಂಡು ರಿವರ್ಸ್ ಹಾಕೋದು ತೆಗೆಯೋದು ಮಾಡ್ತಾ ಇದ್ದ, ನನಗೇ ಹೊಟ್ಟೆ ಚುರ್ ಅಂತು. ಹಂಗಾಗಿ ಗೇರ್ ಬಾಕ್ಸ್ ಮಾತು ಎತ್ತೋಕೆ ಮುಂಚೆ ಕೇಬಲ್ ತೋರಿಸ್ರಿ ಅಂತ ಧೈರ್ಯವಾಗಿ ಕೇಳ್ರಿ. ಇದೆಲ್ಲಾ ಸರಿ ಇದ್ದೂ ಕಡಿದ್ರೆ ಆಗ ಪ್ರೆಶರ್ ಪ್ಲೇಟು, ಕ್ಲಚ್ ಪ್ಲೇಟು, ರಿಲೀಸ್ ಫೋರ್ಕು, ಹಿಂಗೆ ಕ್ಲಚ್ಚಿನ ಒಳಗಿನ ಭಾಗಗಳ ಮೇಲೆ ಅನುಮಾನ, ಅದಕ್ಕೆ ಇಳಿಸ್ಲೇಬೇಕು.

ಪ್ರಶ್ನೆ: ರಾಯಚೂರಿಂದ ಬರೆಯೋದು ಸರ್. ನಮ್ದು ಡೀಸೆಲ್ ಗಾಡಿ ಅದ. ಲಿಂಗಸುಗೂರು ರೋಡಿನಾಗ ಓವರ್‌ಟೇಕ್ ಮಾಡಾಕ ಆಕ್ಸಿಲೇಟರ್ ಕೊಟ್ರ ಇಂಜಿನ್ ಕೂಗ್ತದ, ಗಾಡಿ ಮಾತ್ರ ಮುಂದಕ ಹೋಗವಲ್ದು. ಸುಟ್ಟ ವಾಸನೀನೂ ಬರ್ತದ. ಡೀಸೆಲ್ ಪಂಪ್ ಅಂತ ಒಬ್ರು ಅಂತಾರ.

ಉತ್ತರ: ಡೀಸೆಲ್ ಪಂಪ್ ಕೆಟ್ರೆ ಇಂಜಿನ್ ಕೂಗೋದೇ ಇಲ್ರಿ, ಏದುಸಿರು ಬಿಡುತ್ತೆ. ನಿಮ್ದು ಮೇಲಿನವರಿಗೆ ಉಲ್ಟಾ, ಕ್ಲಚ್ ಹಿಡೀತಾ ಇಲ್ಲ, ಸ್ಲಿಪ್ ಆಗ್ತಾ ಐತೆ. ಮುಂದೆ ಯಾರೂ ಇಲ್ಲದ ಸಮ ಜಾಗದಾಗೆ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಬಲಗಾಲು ಬ್ರೇಕ್ ಮೇಲೇ ಇಟ್ಟು, ಮೂರನೇ ಗೇರ್ ಹಾಕಿ ಕ್ಲಚ್ ಮೆಲ್ಲಗೆ ಬಿಡ್ರಿ. ಚೆನ್ನಾಗಿರೋ ಕ್ಲಚ್ ಆದ್ರೆ ಗಾಡಿ ಗಕ್ ಅಂತ ಆಫ್ ಆಗುತ್ತೆ. ಪೆಡಲ್ ಪೂರ್ತಿ ಬಿಟ್ರೂ ಇಂಜಿನ್ ಓಡ್ತಾನೇ ಇದ್ರೆ ಪ್ಲೇಟ್ ಸವೆದೈತೆ. ಒಂದೇ ಸಲ ಮಾಡ್ರಿ, ಪದೇಪದೇ ಮಾಡಿದ್ರೆ ಉಳಿದಿರೋದೂ ಸುಡುತ್ತೆ.

ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಹಾಕಿಸ್ರಿ, ಗೇರ್ ಬಾಕ್ಸ್ ಇಳಿಸೋ ಕೂಲಿ ಒಂದೇ, ಬೇರಿಂಗ್ ಹಳೇದೇ ಬಿಟ್ಟು ಆರು ತಿಂಗಳಿಗೆ ಮತ್ತೆ ಇಳಿಸಿದ್ರೆ ಯಾರಿಗೆ ಲಾಭ. ಇಳಿಸಿದಾಗ ನೀವೇ ಹತ್ರ ನಿಂತು ಪ್ಲೇಟ್ ಮೇಲೆ ಎಣ್ಣೆ ಜಿಡ್ಡು ಐತಾ ಅಂತ ಬೆರಳು ಹಚ್ಚಿ ನೋಡ್ರಿ, ಇದ್ರೆ ಆಯಿಲ್ ಸೀಲ್ ಸೋರ್ತಾ ಐತೆ, ಅದನ್ನ ಬದಲಿಸದೆ ಹೊಸ ಪ್ಲೇಟ್ ಹಾಕಿದ್ರೆ ಅದೂ ಹೋಗುತ್ತೆ. ಫ್ಲೈವೀಲ್ ಅಂದ್ರೆ ಕ್ಲಚ್ ಪ್ಲೇಟ್ ಒತ್ತಿ ಕೂರೋ ಇಂಜಿನ್ ಚಕ್ರ, ಅದರ ಮೇಲೆ ನೀಲಿ ಕಲೆ, ಬಿರುಕು ಇದ್ರೂ ಬಿಡಬ್ಯಾಡ್ರಿ.

ನಮ್ಮ ಬಳ್ಳಾರಿ ಕಡೆ ಈ ರೋಗ ಬಹಳ. ಸಂಡೂರು ರೋಡಿನಾಗೆ ಅದಿರು ಲಾರಿ ಹಿಂದೆ ಸಿಕ್ಕಾಕ್ಕೊಂಡ್ರೆ ಏರಿನಾಗೆ ಹಾಫ್ ಕ್ಲಚ್ ಮೇಲೇ ಗಾಡಿ ನಿಲ್ಲಿಸ್ಕೊಂಡು ಇರ್ತಾರೆ. ನಿಂತಾಗ ಹ್ಯಾಂಡ್ ಬ್ರೇಕ್ ಹಾಕಿ ನ್ಯೂಟ್ರಲ್ ಮಾಡ್ರಿ, ಓಡ್ಸುವಾಗ ಎಡಗಾಲು ಪೆಡಲ್ ಮೇಲೆ ಇಡಲೇಬ್ಯಾಡ್ರಿ.

ಪ್ರಶ್ನೆ: ಬಳ್ಳಾರಿಲಿ ಟೀಚರ್ ಆಗಿದೀನಿ, ಕಾರ್ ಕಲ್ತು ಎರಡು ವರ್ಷ. ಥರ್ಡಿಂದ ಸೆಕೆಂಡಿಗೆ ಇಳಿಸುವಾಗ ಮಾತ್ರ ಕರ್ರ್ ಅನ್ನುತ್ತೆ, ಬೇರೆ ಯಾವ ಗೇರಿಗೂ ಇಲ್ಲ. ಒಮ್ಮೊಮ್ಮೆ ಬೆಳಿಗ್ಗೆ ಪೆಡಲ್ ಮೆತ್ತಗಿರುತ್ತೆ, ಎರಡು ಮೂರು ಸಲ ತುಳಿದ್ರೆ ಸರಿ ಆಗುತ್ತೆ.

ಉತ್ತರ: ಮೇಡಂ, ಇವು ಎರಡು ಬೇರೆ ಬೇರೆ ತೊಂದರೆ, ಎರಡನೇದೇ ಅವಸರದ್ದು. ತುಳಿದು ತುಳಿದು ಸರಿ ಆಗುತ್ತೆ ಅಂದ್ರೆ ನಿಮ್ದು ಆಯಿಲ್ ಕ್ಲಚ್, ಕೇಬಲ್ ಬದಲು ಆಯಿಲ್ ಒತ್ತಡದಿಂದ ಕೆಲಸ ಮಾಡೋದು, ಅದರ ಲೈನಿನಾಗೆ ಗಾಳಿ ಸೇರೈತೆ ಇಲ್ಲಾ ಕ್ಲಚ್ ಸಿಲಿಂಡರ್ ಸೋರ್ತಾ ಐತೆ. ಬಹಳ ಕಾರ್‌ಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಆಯಿಲ್ ಡಬ್ಬಿ ಒಂದೇ ಇರುತ್ತೆ, ಅದರಾಗೆ ಮಟ್ಟ ಇಳಿದಿದ್ರೆ ಇವತ್ತೇ ತೋರಿಸ್ರಿ, ಶಾಲೆ ಮಕ್ಕಳನ್ನ ಕೂರಿಸ್ಕೊಂಡು ಓಡಾಡ್ತೀರಿ ಅನ್ನಿಸುತ್ತೆ. ಬರೀ ಆಯಿಲ್ ತುಂಬಿಸಿ ಕಳಿಸಿದ್ರೆ ಒಪ್ಪಬ್ಯಾಡ್ರಿ, ಎಲ್ಲಿ ಸೋರ್ತಾ ಐತೆ ಅಂತ ಹುಡುಕಿ, ಸರಿ ಮಾಡಿ, ಬ್ಲೀಡಿಂಗ್ ಮಾಡಿ, ಅಂದ್ರೆ ಲೈನಿನಾಗಿನ ಗಾಳಿ ಹೊರಗೆ ತೆಗೆದು ಕೊಡ್ಲಿ.

ಸೆಕೆಂಡ್ ಗೇರ್ ಒಂದಕ್ಕೇ ಸದ್ದು ಅಂದ್ರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿರುತ್ತೆ. ಗೇರ್ ಬಾಕ್ಸ್ ಇಳಿಸೋಕೆ ಮುಂಚೆ ಗೇರ್ ಆಯಿಲ್ ಬದಲಿಸಿ ನೋಡ್ರಿ, ಗಾಡಿ ಪುಸ್ತಕದಾಗೆ ಆಯಿಲ್ ದರ್ಜೆ ಜಿಎಲ್-4 ಅಂತ ಇದ್ರೆ ಅದನ್ನೇ ಹಾಕಿಸ್ರಿ, ಅಂಗಡಿಯವ್ರು ಜಿಎಲ್-5 ಇನ್ನೂ ಒಳ್ಳೇದು ಅಂದ್ರೂ ಬ್ಯಾಡ, ಹಿತ್ತಾಳೆ ರಿಂಗಿಗೆ ಅದು ಆಗಿಬರಲ್ಲ. ಅಲ್ಲೀತನಕ ಸ್ಪೀಡ್ ಚೆನ್ನಾಗಿ ಇಳಿಸ್ಕೊಂಡು, ನ್ಯೂಟ್ರಲ್‌ನಾಗೆ ಒಂದು ಕ್ಷಣ ತಡೆದು, ಆಮೇಲೆ ಸೆಕೆಂಡಿಗೆ ಮೆಲ್ಲಗೆ ಹಾಕ್ರಿ.