ಜೈಲೂ ಇಲ್ಲ, ಗೀಲೂ ಇಲ್ಲ!

ಪ್ರಶ್ನೆ: ಡಾರ್ವಿನ್ ಪಾಠ ಮಾಡಿದ್ದಕ್ಕೆ ಅಮೆರಿಕದಲ್ಲಿ ಒಬ್ಬ ಮೇಷ್ಟ್ರನ್ನು ಜೈಲಿಗೆ ಹಾಕಿದ್ದರಂತೆ, ನಿಜವಾ? ಕ್ರೈಸ್ತರು ಯಾರೂ ವಿಕಾಸವಾದ ಒಪ್ಪುವುದಿಲ್ಲವಾ?

ಉತ್ತರ: ಜೈಲಿಗೆ ಹಾಕಲಿಲ್ಲ, 100 ಡಾಲರ್ ದಂಡ ಹಾಕಿದರು. ಅದು 1925ರ ಜುಲೈ, ಟೆನೆಸ್ಸಿ ರಾಜ್ಯದ ಡೇಟನ್ ಅನ್ನೋ ಸಣ್ಣ ಊರು. ಮನುಷ್ಯ ಪ್ರಾಣಿಗಳಿಂದ ವಿಕಾಸವಾದ ಅಂತ ಸರ್ಕಾರಿ ಶಾಲೆಗಳಲ್ಲಿ ಕಲಿಸಬಾರದು ಅಂತ ಆ ರಾಜ್ಯದಲ್ಲಿ ಕಾನೂನಿತ್ತು. ಮೇಷ್ಟ್ರ ಹೆಸರು ಜಾನ್ ಸ್ಕೋಪ್ಸ್, ವಯಸ್ಸು 24. ತಮಾಷೆ ಅಂದ್ರೆ, ಊರಿಗೆ ಹೆಸರು ಬರಲಿ ಅಂತ ಅಲ್ಲಿನ ಕೆಲವರು ಔಷಧಿ ಅಂಗಡಿಯಲ್ಲಿ ಕೂತು ಮಾತಾಡಿ, ಕೇಸಿಗೆ ನಿಲ್ತೀಯಾ ಅಂತ ಅವನನ್ನೇ ಕೇಳಿ ಒಪ್ಪಿಸಿದ್ದರು. ಆ ಪಾಠ ತಾನು ಮಾಡಿದ್ದೆನಾ ಅನ್ನೋದೇ ಅವನಿಗೆ ಸರಿಯಾಗಿ ನೆನಪಿರಲಿಲ್ಲ!

ಸೆಕೆ ಜಾಸ್ತಿಯಾಗಿ ಒಂದು ದಿನ ಕೋರ್ಟನ್ನು ಹೊರಗೆ ಹುಲ್ಲಿನ ಮೇಲೆ ನಡೆಸಿದರು. ಸ್ಕೋಪ್ಸ್ ಪರ ವಕೀಲ ಡ್ಯಾರೋ, ಬೈಬಲ್ ಪರ ನಿಂತಿದ್ದ ಎದುರು ಪಕ್ಷದ ವಕೀಲ ಬ್ರಯಾನ್‌ರನ್ನೇ ಸಾಕ್ಷಿ ಕುರ್ಚಿಯಲ್ಲಿ ಕೂರಿಸಿ, ಬೈಬಲ್ ಪ್ರಕಾರ ಮೊದಲ ಮನುಷ್ಯನಾದ ಆದಾಮನ ಮಗ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು ಅಂತ ಕೇಳಿದರು. ಬೈಬಲ್ ಹೇಳುವ ಸೃಷ್ಟಿಯ ಆರು ದಿನ ಅಂದರೆ 24 ಗಂಟೆಯ ದಿನಗಳೇ ಆಗಬೇಕಿಲ್ಲ ಅಂತ ಬ್ರಯಾನ್ ಒಪ್ಪಿಕೊಂಡರು. ನನಗೆ ಇಡೀ ಕೇಸಲ್ಲಿ ಮುಖ್ಯ ಅನ್ನಿಸೋದು ಇದೇ. ಬೈಬಲ್ ಪರ ನಿಂತವರೇ ಪ್ರತಿ ಮಾತನ್ನೂ ಅಕ್ಷರಶಃ ಓದುತ್ತಿರಲಿಲ್ಲ, ಅಲ್ವಾ?

1927ರಲ್ಲಿ ಮೇಲಿನ ಕೋರ್ಟ್ ಶಿಕ್ಷೆ ರದ್ದು ಮಾಡಿತು. ಕಾರಣ ಡಾರ್ವಿನ್ ಅಲ್ಲ, ದಂಡ ಎಷ್ಟು ಅಂತ ಜ್ಯೂರಿ ಬದಲು ಜಡ್ಜ್ ನಿಗದಿ ಮಾಡಿದ್ದು! ಆ ಪಾಠ ಮಾಡಬಾರದು ಅನ್ನೋ ಕಾನೂನು ಹೋಗಿದ್ದು 1967ರಲ್ಲಿ.

ಎರಡನೇ ಪ್ರಶ್ನೆಗೆ: ಹಾಗೇನಿಲ್ಲ. ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಅಂತ 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರೇ ಹೇಳಿದ್ದಾರೆ. ಆತ್ಮ ಮಾತ್ರ ದೇವರ ನೇರ ಸೃಷ್ಟಿ ಅನ್ನೋದನ್ನು ಅವರು ಬಿಡಲಿಲ್ಲ.