ಮೊದಲು ಬಿಸಿಲು ನೋಡಿ, ಆಮೇಲೆ ಮಣ್ಣು ಕಲಸಿ

ಪ್ರಶ್ನೆ: ಬಾಲ್ಕನಿಯಲ್ಲಿ ನಾಲ್ಕು ಕುಂಡ ಗುಲಾಬಿ ಇಟ್ಟಿದ್ದೇನೆ. ಅಂಗಳದ ಮಣ್ಣನ್ನೇ ತುಂಬಿದ್ದೆ. ಈಗ ಮಣ್ಣು ಗಟ್ಟಿಯಾಗಿ ಕುಂಡದ ಅಂಚು ಬಿಟ್ಟಿದೆ. ನೀರು ಹಾಕಿದ ತಕ್ಷಣ ಕೆಳಗಿನ ತೂತಿನಿಂದ ಹೊರಗೆ ಬರುತ್ತದೆ. ಗಿಡ ಉದ್ದುದ್ದ ಬೆಳೆದಿದೆ, ಹೂವು ಮಾತ್ರ ಇಲ್ಲ. ಯಾವ ಮಣ್ಣು ಹಾಕಲಿ?

ಉತ್ತರ: ಮಣ್ಣಿನ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ಬಿಸಿಲಿನ ಬಗ್ಗೆ ಒಂದು ಮಾತೂ ಇಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಗಿಡ ಉದ್ದುದ್ದ ಬೆಳೆದಿದೆ ಅಂದಿರಲ್ವಾ? ಅದು ಬೆಳಕು ಹುಡುಕುತ್ತಿರಬಹುದು. ಎಲೆಯಿಂದ ಎಲೆಗೆ ಅಂತರ ಜಾಸ್ತಿಯಾಗಿ, ಕೊಂಬೆಗಳೆಲ್ಲ ಒಂದೇ ಕಡೆ ವಾಲಿದ್ದರೆ ಅದೇ ಕಾರಣ. ಗುಲಾಬಿ ಚೆನ್ನಾಗಿ ಹೂ ಬಿಡಬೇಕಾದರೆ ದಿನಕ್ಕೆ ಸುಮಾರು 6 ಗಂಟೆ ನೇರ ಬಿಸಿಲು ಬೇಕು. ಅದು ಸಿಗದಿದ್ದರೆ ಎಂಥ ಮಣ್ಣು ಹಾಕಿದರೂ ಎಲೆಯೇ ಬರುತ್ತದೆ.

ಒಂದು ರಜಾದಿನ ಈ ಕೆಲಸ ಮಾಡಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಟೆಗೊಮ್ಮೆ ಕುಂಡದ ಹತ್ತಿರ ಹೋಗಿ ಅದರ ಮೇಲೆ ಕೈ ಚಾಚಿ. ಬೆರಳುಗಳ ನೆರಳು ಬಿಡಿಬಿಡಿಯಾಗಿ ಸ್ಪಷ್ಟವಾಗಿ ಬಿದ್ದರೆ ಅದು ನೇರ ಬಿಸಿಲು. ನೆರಳು ಮಸುಕಾಗಿದ್ದರೆ ಅದು ಬರೀ ಬೆಳಕು. ನೆರಳೇ ಬೀಳದಿದ್ದರೆ ಆ ಜಾಗ ಹೂಗಿಡಕ್ಕಲ್ಲ. ಪ್ರತಿ ಸಲ ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ. ನಮ್ಮ ಕಣ್ಣು ಮಬ್ಬು ಬೆಳಕಿಗೂ ಬೇಗ ಹೊಂದಿಕೊಳ್ಳುತ್ತದೆ. ಹಾಗಾಗಿ ‘ಇಲ್ಲಿ ಬೆಳಕು ಚೆನ್ನಾಗಿದೆ’ ಅಂತ ಸುಮ್ನೆ ಅಂದಾಜು ಮಾಡಬೇಡಿ. ಸೂರ್ಯನ ದಾರಿ ತಿಂಗಳಿಂದ ತಿಂಗಳಿಗೆ ಸರಿಯುವುದರಿಂದ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ.

ಪೂರ್ವ, ಪಶ್ಚಿಮ ಎರಡೂ ಕಡೆ ಜಾಗ ಇದ್ದರೆ ಪೂರ್ವಕ್ಕೇ ನನ್ನ ಓಟು. ಬೆಳಗಿನ ಬಿಸಿಲು ಹಿತವಾಗಿರುತ್ತದೆ. ರಾತ್ರಿ ಎಲೆ ಮೇಲೆ ಕೂತ ಇಬ್ಬನಿಯೂ ಬೇಗ ಆರುತ್ತದೆ, ಬೂಷ್ಟು ರೋಗ ಕಡಿಮೆ. ಪಶ್ಚಿಮದ ಗೋಡೆ ಮಧ್ಯಾಹ್ನವೆಲ್ಲ ಕಾದು, ಸಂಜೆಯಾದ ಮೇಲೂ ಝಳ ಬಿಡುತ್ತಿರುತ್ತದೆ. ಅಲ್ಲಿಟ್ಟ ಕಪ್ಪು ಪ್ಲಾಸ್ಟಿಕ್ ಕುಂಡವನ್ನು ಒಮ್ಮೆ ಮುಟ್ಟಿ ನೋಡಿ, ಒಳಗಿನ ಬೇರಿನ ಪಾಡು ಗೊತ್ತಾಗುತ್ತದೆ. ಎಣಿಸಿದಾಗ ಮೂರು ನಾಲ್ಕು ಗಂಟೆ ಬೆಳಗಿನ ಬಿಸಿಲು ಮಾತ್ರ ಸಿಕ್ಕಿತು ಅಂದುಕೊಳ್ಳಿ. ಆಗ ಗುಲಾಬಿಯನ್ನು ಬಿಸಿಲಿರುವ ಕಡೆಗೆ ಸಾಗಿಸಿ, ಆ ಜಾಗಕ್ಕೆ ಬಿಗೋನಿಯಾ ತನ್ನಿ. ನೇರ ಬಿಸಿಲೇ ಇಲ್ಲದ, ಬೆಳಕು ತುಂಬಿದ ಕಿಟಕಿಗೆ ಪೀಸ್ ಲಿಲಿ, ಆಂಥೂರಿಯಂ, ಆಫ್ರಿಕನ್ ವಯಲೆಟ್ ಇವೆ.

ಈಗ ಮಣ್ಣಿಗೆ ಬರೋಣ. ಅಂಗಳದಲ್ಲಿ ಚೆನ್ನಾಗಿದ್ದ ಮಣ್ಣು ಕುಂಡದಲ್ಲಿ ಯಾಕೆ ಕೆಡುತ್ತದೆ? ನೆಲದಲ್ಲಿ ಎರೆಹುಳು, ಹಳೆಯ ಬೇರುಗಳು ಅದನ್ನು ಸಡಿಲ ಮಾಡುತ್ತಲೇ ಇರುತ್ತವೆ. ಕುಂಡದಲ್ಲಿ ದಿನಾ ಮೇಲಿಂದ ಬೀಳುವ ನೀರು ಮಣ್ಣನ್ನು ಒತ್ತುತ್ತಾ ಹೋಗುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು, ಆ ಗಾಳಿಯ ಜಾಗವೇ ಮುಚ್ಚಿಹೋಗುತ್ತದೆ. ಅಂಟುಮಣ್ಣು ಒಣಗಿದಾಗ ಕುಗ್ಗಿ ಅಂಚು ಬಿಡುತ್ತದೆ. ನೀವು ಹಾಕಿದ ನೀರು ಆ ಸಂದಿಯಲ್ಲೇ ಇಳಿದುಹೋಗುತ್ತಿದೆ. ನಡುವೆ ಇರುವ ಬೇರು ಒಣಗಿಯೇ ಇದೆ.

ಇವತ್ತೇ ಕುಂಡವನ್ನು ಅಂಚಿನವರೆಗೆ ನೀರಿನ ಬಕೆಟ್‌ನಲ್ಲಿ ಇಳಿಸಿಡಿ. ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು ಬಸಿಯಲು ಬಿಡಿ. ಹವೆ ತಂಪಾಗಿರುವ ದಿನ ನೋಡಿ ಮಣ್ಣು ಬದಲಿಸಿ. ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಕೊಕೊಪೀಟ್ (ತೆಂಗಿನ ನಾರಿನ ಪುಡಿ). ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರಬಹುದು, ಎರಡು ಸಲ ತೊಳೆದು ಬಳಸಿ. ಅದರಲ್ಲಿ ಸಾರ ಕಡಿಮೆ, ಗೊಬ್ಬರದ ಬದಲಿಗೆ ಅದನ್ನು ಹಾಕಬೇಡಿ. ನುಣ್ಣನೆಯ ಮರಳಂತೂ ಬೇಡವೇ ಬೇಡ, ಅಂಟುಮಣ್ಣಿಗೆ ಸೇರಿದರೆ ಇನ್ನೂ ಬಿಗಿಯಾಗುತ್ತದೆ.

ಕಲಸಿದ್ದು ಸರಿಯಾಗಿದೆಯಾ ಅಂತ ನಿಮ್ಮ ಮುಷ್ಟಿಯೇ ಹೇಳುತ್ತದೆ. ಸ್ವಲ್ಪ ತೇವ ಮಾಡಿ ಒಂದು ಹಿಡಿ ಹಿಸುಕಿ. ಉಂಡೆ ಕಟ್ಟಬೇಕು, ಬೆರಳಿಂದ ತಿವಿದರೆ ಉದುರಬೇಕು. ಉಂಡೆ ಹಾಗೇ ಉಳಿದು ಬೆರಳಿನ ಗೆರೆ ಮೂಡಿದರೆ ಅಂಟು ಜಾಸ್ತಿ. ಉಂಡೆಯೇ ಕಟ್ಟದಿದ್ದರೆ ಮರಳು ಜಾಸ್ತಿ.

ಪ್ರಶ್ನೆ: ಕುಂಡದ ತಳದಲ್ಲಿ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಲ್ವಾ?

ಉತ್ತರ: ಇಲ್ಲ. ನುಣುಪಾದ ಮಣ್ಣು ತನ್ನಲ್ಲಿರುವ ನೀರನ್ನು ಕಲ್ಲಿನ ಪದರಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ತಳದಲ್ಲಿ ನಿಲ್ಲುವ ತೇವ ಕಲ್ಲಿನಷ್ಟು ಮೇಲಕ್ಕೆ ಬಂದು ಬೇರಿಗೆ ಇನ್ನೂ ಹತ್ತಿರವಾಗುತ್ತದೆ, ಅಷ್ಟೇ. ತೂತಿನ ಮೇಲೆ ಒಂದು ಬಲೆಯ ತುಂಡು ಸಾಕು. ತಟ್ಟೆಯಲ್ಲಿ ನಿಂತ ನೀರನ್ನು ಮರೆಯದೆ ಚೆಲ್ಲಿ.

ಪ್ರಶ್ನೆ: ನನ್ನ ಸೇವಂತಿಗೆಗೆ ಬಿಸಿಲೂ ಇದೆ, ಮಣ್ಣೂ ಸಡಿಲವಾಗಿದೆ. ಪೊದೆಯಂತೆ ಬೆಳೆದಿದೆ. ಆದರೆ ಒಂದು ಮೊಗ್ಗೂ ಇಲ್ಲ.

ಉತ್ತರ: ನನಗೂ ಹೀಗೇ ಆಗಿತ್ತು. ಎರಡು ಕುಂಡ, ಒಂದೇ ತಾಯಿಗಿಡದ ಕಡ್ಡಿಗಳು, ಒಂದೇ ಮಣ್ಣು. ಹಿತ್ತಿಲ ಕಡೆ ಇಟ್ಟದ್ದು ಮೈತುಂಬ ಹೂ ಬಿಟ್ಟಿತು. ಗೇಟಿನ ಹತ್ತಿರದ್ದು ಎಲೆ ಬಿಡುತ್ತಲೇ ಇತ್ತು. ಗೊಬ್ಬರ ಬದಲಿಸಿದೆ, ನೀರು ಕಡಿಮೆ ಮಾಡಿದೆ, ಏನೂ ಆಗಲಿಲ್ಲ. ಒಂದು ರಾತ್ರಿ ಗೇಟು ಹಾಕಲು ಹೋದಾಗ ಅದರ ಒಂದೊಂದು ಎಲೆಯನ್ನೂ ಎಣಿಸುವಷ್ಟು ಬೆಳಕಿತ್ತು. ನೇರ ಮೇಲೆ ಬೀದಿದೀಪ!

ಸೇವಂತಿಗೆ ರಾತ್ರಿಯ ಉದ್ದ ನೋಡಿಕೊಂಡು ಮೊಗ್ಗು ಕಟ್ಟುವ ಗಿಡ. ಹಗಲು-ರಾತ್ರಿಯ ಉದ್ದಕ್ಕೆ ಗಿಡಗಳು ಹೀಗೆ ಸ್ಪಂದಿಸುತ್ತವೆ ಎಂಬುದನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ರಾತ್ರಿ ದೀಪದ ಬೆಳಕು ಬೀಳುತ್ತಿದ್ದರೆ ಈ ಗಿಡಕ್ಕೆ ಉದ್ದದ ರಾತ್ರಿ ಬಂತೆಂದೇ ಗೊತ್ತಾಗುವುದಿಲ್ಲ. ಇವತ್ತು ರಾತ್ರಿ ಮನೆಯ ದೀಪ ಆರಿಸಿ ನಿಮ್ಮ ಗಿಡದ ಪಕ್ಕ ನಿಂತು ನೋಡಿ. ಬೀದಿದೀಪವೋ, ಜಗಲಿಯ ಬಲ್ಬೋ ಬೆಳಕು ಚೆಲ್ಲುತ್ತಿದ್ದರೆ, ಹಗಲು ಬಿಸಿಲಿದ್ದು ರಾತ್ರಿ ಕತ್ತಲಿರುವ ಜಾಗಕ್ಕೆ ಕುಂಡ ಸರಿಸಿ. ನಾನು ಸರಿಸಿದ ಮೇಲೆ ಕೆಲವು ವಾರಗಳಲ್ಲಿ ಕುಡಿಯಲ್ಲಿ ಹಸಿರು ಗುಂಡಿಯಂಥ ಮೊಗ್ಗುಗಳು ಕಂಡವು. ಮೊಗ್ಗು ಕಾಣಿಸಿದ ಮೇಲೆ ಕುಡಿ ಚಿವುಟಬೇಡಿ.